ಫಸ್ಟ್ ಗೇರಿನಲ್ಲಿ ಮೇಷ್ಟ್ರ ಪಕ್ಕ

ಎಡಗಾಲಿಗೇ ಇರಬೇಕು, ಅಥವಾ ಹಾಗೆಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೇನೆ: ಮೇಷ್ಟ್ರು ಪ್ಯಾಂಟಿನ ಅಂಚನ್ನು ಮಡಿಸಿ ಸಿಕ್ಕಿಸುತ್ತಿದ್ದ, ಬಟ್ಟೆ ಒಣಹಾಕುವ ಹಸಿರು ಕ್ಲಿಪ್ಪು. ಆದರೆ ಸೈಕಲ್ಲಿನ ಚೈನು ಇರುವುದು ಬಲಗಡೆ. ಎಣ್ಣೆ ಮೆತ್ತದಿರಲೆಂದು ಕ್ಲಿಪ್ಪು ಹಾಕುವವರು ಎಡಗಾಲಿಗೆ ಏಕೆ ಹಾಕುತ್ತಾರೆ? ಗುಬ್ಬಿಯಲ್ಲಿ ಸೈಕಲ್ ಶಾಪ್ ಇಟ್ಟಿದ್ದವರ ಮಗನಾದ ನನಗೆ ಇದು ಹೊಳೆದದ್ದು ಈಗ ಬರೆಯಲು ಕೂತಾಗ. ಆದರೂ ಕಣ್ಣು ಮುಚ್ಚಿದರೆ ಎಡಗಾಲೇ ಕಾಣುತ್ತದೆ. ನಮ್ಮ ಕನ್ನಡ ಮೇಷ್ಟ್ರ ಬಗ್ಗೆ ಮುಂದೆ ಹೇಳುವುದನ್ನೂ ಇದೇ ಅನುಮಾನದಿಂದ ಓದಬೇಕು.

ಹೈಸ್ಕೂಲಿನಲ್ಲಿ ಅವರು ಆ ಕ್ಲಿಪ್ಪು ಬಿಚ್ಚುವುದನ್ನು ಮರೆತೇ ತರಗತಿಗೆ ಬರುತ್ತಿದ್ದರು. ಮನೆಯಲ್ಲಿ ಉರ್ದು ಆಡುವ ಸಾಬರ ಹುಡುಗನಾದ ನನಗೆ ಕನ್ನಡ ಕೊಟ್ಟವರು ಅವರೇ. ಊಟದ ಬಿಡುವಿನಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು ಪೇಪರ್ ಗಟ್ಟಿಯಾಗಿ ಓದಿಸುತ್ತಿದ್ದರು. ನಾನು ತಡವರಿಸಿದರೆ, "ಇನ್ನೊಂದ್ಸಲ ಓದು. ಏನ್ ಬಸ್ ಹಿಡೀಬೇಕಾ?"

ಒಮ್ಮೆ ಮೇಲಿನವರು ತಪಾಸಣೆಗೆ ಬರುವ ದಿನ ಹೆಡ್‌ಮಾಸ್ಟರು, "ಮೇಷ್ಟ್ರೇ, ಆ ಸೈಕಲ್ ಹಿಂದಕ್ಕೆ ಹಾಕ್ಬುಡಿ, ಮುಂದೆ ಚೆನ್ನಾಗಿ ಕಾಣಲ್ಲ" ಎಂದರು. ಇವರು ಜಗಳ ಆಡಲಿಲ್ಲ. ತಳ್ಳಿಕೊಂಡು ಹೋಗಿ ನೀರಿನ ತೊಟ್ಟಿಯ ಹಿಂದೆ ನಿಲ್ಲಿಸಿ ಬಂದರು. ನನಗೆ ಈಗಲೂ ಅದಕ್ಕೆ ಸಿಟ್ಟು. ಮುಂದೆ ಅಷ್ಟು ಹಠ ಮಾಡಿದ ಮನುಷ್ಯ ಆಗಲೂ ಹಠ ಮಾಡಬೇಕಿತ್ತು.

ನಮ್ಮ ಊರಿನಲ್ಲಿ ನಡೆಯುವವರನ್ನು ಸುಮ್ಮನೆ ನಡೆಯಲು ಬಿಡುವುದಿಲ್ಲ. ಎದುರು ಸಾಲಿನ ಅಂಗಡಿಯಿಂದ ಹಾಲು ತರಲು ಸ್ಕೂಟರ್ ಸ್ಟಾರ್ಟ್ ಮಾಡುವ ಜನ ನಾವು. ಪರಿಚಯದವರು ನಡೆದು ಹೋಗುತ್ತಿದ್ದರೆ ಗಾಡಿ ನಿಲ್ಲಿಸಬೇಕು, "ಯಾಕ್ ಸಾರ್, ಗಾಡಿ ರಿಪೇರಿನಾ?" ಎಂದು ಕೇಳಬೇಕು, ಅವರು ಹತ್ತಬೇಕು. ಹತ್ತದಿದ್ದರೆ ನಿಲ್ಲಿಸಿದವನಿಗೆ ಅವಮಾನ. ಮೇಷ್ಟ್ರು ರಿಟೈರ್ ಆದ ಮೇಲೆ ಗೂಡ್ಸ್ ಆಟೊ ಒಂದು ಗುದ್ದಿ ಅವರ ಸೈಕಲ್ಲಿನ ಚಕ್ರ ಸೊಟ್ಟಗಾಯಿತು. ಆಮೇಲೆ ಅವರದು ಬರೀ ನಡಿಗೆ. ಗಾಡಿ ನಿಲ್ಲಿಸಿದವರಿಗೆಲ್ಲ ಒಂದೇ ಉತ್ತರ: "ನೀನು ಹೋಗಪ್ಪ, ನಾನು ಬರ್ತೀನಿ." ಶುಗರ್ ಇರಬೇಕು ಎಂದರು ಕೆಲವರು. ಜಿಪುಣ ಎಂದವರು ಹೆಚ್ಚು. ಜೋಯಿಸರು ವಾಹನದಿಂದ ಗಂಡಾಂತರ ಅಂತ ಹೇಳಿದ್ದಾರಂತೆ ಎಂದು ಪಕ್ಕದ ಮನೆಯವರು ಖಚಿತವಾಗಿ ಹೇಳುತ್ತಿದ್ದರು. ನನಗೆ ಕಾರಣ ಬೇಕೆನಿಸಿರಲಿಲ್ಲ, ನಾನೇ ಕಾರು ಕೊಳ್ಳುವವರೆಗೆ.

ತುಮಕೂರಿನಲ್ಲಿ ಕೊಂಡ ಸೆಕೆಂಡ್‌ಹ್ಯಾಂಡ್ ಕಾರು ಅದು. ಅಷ್ಟರಲ್ಲಿ ಅಬ್ಬಾರ ಸೈಕಲ್ ಶಾಪು ಬೈಕಿನ ಸ್ಪೇರ್ ಪಾರ್ಟ್ಸ್ ಅಂಗಡಿಯಾಗಿತ್ತು. ಕಾರು ಮನೆ ಮುಂದೆ ನಿಂತ ಕೂಡಲೇ ಅಬ್ಬಾ, "ನಾವು ಆಮೇಲೆ. ಮೊದಲು ಮೇಷ್ಟ್ರನ್ನು ಕೂರಿಸಿಕೊಂಡು ಬಾ" ಎಂದರು.

ಬಸ್ ಸ್ಟ್ಯಾಂಡಿನ ಹತ್ತಿರ ಸಿಕ್ಕರು, ಕೈಯಲ್ಲಿ ಸೊಪ್ಪಿನ ಚೀಲ. ಬಾಗಿಲು ತೆರೆದೆ.

"ನಮ್ ಕಾರು ಸಾರ್. ಹತ್ತಿ."

ಬಗ್ಗಿ ಒಳಗೆ ನೋಡಿದರು. ದೃಷ್ಟಿ ತಾಗದಿರಲೆಂದು ಕನ್ನಡಿಗೆ ಅಮ್ಮಿ ಕಟ್ಟಿದ್ದ ತಾವೀಜಿನ ಮೇಲೆ ಅವರ ಕಣ್ಣು ಒಂದು ಕ್ಷಣ ನಿಂತಿತು. ನಿಂತಿತೆ? ಆ ಕ್ಷಣವನ್ನು ಆಮೇಲೆ ನಾನೇ ಸೇರಿಸಿಕೊಂಡಿರಬಹುದು.

"ಚೆನ್ನಾಗೈತೆ ಕಣೋ. ನೀನು ಹೋಗು, ನಾನು ಬರ್ತೀನಿ."

"ಅಬ್ಬಾ ಹೇಳವ್ರೆ ಸಾರ್, ಮೊದ್ಲು ನೀವೇ ಕೂರ್ಬೇಕಂತೆ."

"ಭಾಯಿಗೆ ಹೇಳು, ನೋಡಿ ಸಂತೋಷ ಆಯ್ತು ಅಂತ."

ನಡೆದೇಬಿಟ್ಟರು. ನಾನೂ ಬಿಡಲಿಲ್ಲ. ಫಸ್ಟ್ ಗೇರಿನಲ್ಲಿ ಅವರ ಪಕ್ಕಪಕ್ಕವೇ ಓಡಿಸುತ್ತ ಕಿಟಕಿಯಿಂದ ಗೋಗರೆದೆ. ಹಿಂದೆ ಹಾರನ್ನುಗಳ ಸಾಲು. "ಏನ್ಲಾ, ಮೆರವಣಿಗೇನಾ?" ಎಂದು ಟೆಂಪೊದವನು ಬೈದ. ಹೂವು ಮಾರುವ ಹೆಂಗಸು ಪಕ್ಕದವಳಿಗೆ, "ನೋಡೇ, ಮೇಷ್ಟ್ರು ಕಾರ್ನ ವಾಕಿಂಗ್ ಕರ್ಕೊಂಡ್ ಹೊಂಟವ್ರೆ" ಎಂದಳು. ಕ್ಲಚ್ಚು ಸುಟ್ಟ ವಾಸನೆ ಬರತೊಡಗಿತು.

"ಸಾರ್, ಮನೆ ಬಂದೇಬಿಡ್ತು. ಒಂದ್ನಿಮಿಷ ಕೂತು ಇಳೀರಿ ಸಾಕು."

"ಬಂದೇಬಿಡ್ತಲ್ಲ, ಇನ್ಯಾಕೆ?"

ಒಳಗೆ ಕರೆದು ತಾವೇ ಕಾಫಿ ತಂದುಕೊಟ್ಟರು. ಅವರ ಮನೆಯಲ್ಲಿ ನನಗೆ ಬೇರೆ ಲೋಟ ಎಂಬುದು ಎಂದೂ ಇರಲಿಲ್ಲ. ಇದನ್ನು ಬರೆಯದೆ ಬಿಟ್ಟರೆ ಅನ್ಯಾಯ.

ಕೆಲವು ವಾರ ಕಳೆದಿರಬೇಕು, ಅಥವಾ ತಿಂಗಳುಗಳೋ. ಪಕ್ಕದ ಅಂಗಡಿಯ ಗೆಳೆಯ ಬಂದು, "ನಿಮ್ ಮೇಷ್ಟ್ರು ತುಮಕೂರಲ್ಲಿ ಕಾರಲ್ಲಿ ಹೋಗ್ತಿದ್ರು ಕಣೋ. ಮುಂದಿನ್ ಸೀಟು. ಬೆಲ್ಟ್ ಬೇರೆ ಹಾಕವ್ರೆ" ಎಂದ.

"ಯಾರ್ದು ಕಾರು?"

"ಕುಣಿಗಲ್ ಕಡೆಯೋರು, ಅವ್ರ ನೆಂಟರು. ನಮ್ಮಂಥೋರ್ದಲ್ಲ ಬುಡು."

ಅವನು ನಕ್ಕ. ನಾನು ನಗಲಿಲ್ಲ. ಮೇಷ್ಟ್ರು ಕಾರು ಬೇಡವೆಂದು ನಡೆದರೋ, ನನ್ನ ಕಾರು ಬೇಡವೆಂದು ನಡೆದರೋ? "ಹೋಗಿ ಅವರನ್ನೇ ಕೇಳು" ಎಂದರು ಅಬ್ಬಾ. ಕೇಳಲಿಲ್ಲ. ಅವರ ಬೀದಿ ಬಿಟ್ಟು ಸುತ್ತು ದಾರಿಯಲ್ಲಿ ಪೆಟ್ರೋಲು ಸುಟ್ಟುಕೊಂಡು ಓಡಾಡಿದೆ. ಒಂದು ದಿನ ಅವರೇ ನಡೆದುಕೊಂಡು ನಮ್ಮ ಅಂಗಡಿಗೆ ಬಂದರು.

"ಭಾಯಿ, ನಿಮ್ ಹುಡುಗ ಯಾಕೋ ಕಣ್ಣಿಗೇ ಬೀಳ್ತಿಲ್ಲ."

ನಾನು ಹಿಂದಿನ ಕೋಣೆಯಲ್ಲಿ ಬ್ರೇಕ್ ಕೇಬಲ್ ಜೋಡಿಸುತ್ತಿದ್ದೆ. ಮಾತು ಕೇಳಿಸಿತು. ಹೊರಗೆ ಬರಲಿಲ್ಲ.

ಅವರು ತೀರಿಕೊಂಡದ್ದು ತುಮಕೂರಿನ ಆಸ್ಪತ್ರೆಯಲ್ಲಿ. ಹೊಟ್ಟೆಯ ಕಾಯಿಲೆ ಬಹಳ ದಿನದಿಂದ ಇತ್ತಂತೆ, ಹೊರಗಿನವರಿಗೆ ಯಾರಿಗೂ ಹೇಳಿರಲಿಲ್ಲವಂತೆ. ಮಣ್ಣಿಗೆ ನಮ್ಮ ತಾಲ್ಲೂಕಿನ ಕಡಬದಲ್ಲಿದ್ದ ಅವರ ತೋಟಕ್ಕೆ ಹೋದೆವು. ಕೆರೆ ಏರಿಯ ಮೇಲೆ ಎರಡೂ ಕಡೆಯ ಕಾರುಗಳು ಮುಖಾಮುಖಿ ಸಿಕ್ಕಿಹಾಕಿಕೊಂಡವು. ಸಾವಿಗೆ ಬಂದವರೇ ಒಬ್ಬರಿಗೊಬ್ಬರು ಹಾರನ್ ಹೊಡೆದರು, ಇಳಿದು ನಡೆಯಲು ಒಬ್ಬರೂ ತಯಾರಿಲ್ಲ. ಹೊಡೆದವರಲ್ಲಿ ನಾನೂ ಇದ್ದೆ.

ಗೆಳೆಯ ಕಂಡ ಆ ಕಾರು ಆಸ್ಪತ್ರೆಗೆ ಹೊರಟಿತ್ತೋ, ಯಾರದೋ ಮದುವೆಗೋ? ಯಾವಾಗ ಎಂದು ಅವನನ್ನು ಕೇಳಿದರೆ ಒಮ್ಮೆ ಯುಗಾದಿಗೆ ಮುಂಚೆ ನೋಡಿದ್ದು ಎನ್ನುತ್ತಾನೆ, ಒಮ್ಮೆ ಆಮೇಲೆ ಎನ್ನುತ್ತಾನೆ. ವರ್ಷ ಕಳೆದ ಮೇಲೆ ಧೈರ್ಯ ಮಾಡಿ ಮೇಷ್ಟ್ರ ಹೆಂಡತಿಯನ್ನು ಕೇಳಿದೆ.

"ಕೊನೆಕೊನೆಗೆ ಯಾರ್ಯಾರ ಕಾರಲ್ಲೋ ಕರ್ಕೊಂಡು ಹೋದ್ವಿ ಕಣಪ್ಪ, ಯಾವ್ದು ಯಾವಾಗ ಅಂತ ಹೇಳ್ಲಿ" ಎಂದರು. ಆಮೇಲೆ ಅವರೇ, "ಒಂದಿನ ಯಾವ ಗಾಡೀನೂ ಸಿಗ್ಲಿಲ್ಲ. ನಿನ್ನ ಕರೆಯೋಣ ಅಂದೆ. ಅವನ್ನ ಕರೀಬೇಡ ಅಂದ್ರು" ಎಂದರು.

ಯಾಕೆ ಬೇಡ ಎಂದು ಅವರು ಕೇಳಿರಲಿಲ್ಲ. ನನಗೂ ಗೊತ್ತಿಲ್ಲ.