ಮರದ ಹುಡಿಯ ಕಕ್ಕಸು

ಎಪ್ಪತ್ತು ದಾಟಿದ ಹೆಂಗಸಿನ ಮೇಲೆ ಹೊಟ್ಟೆಕಿಚ್ಚುಪಟ್ಟವಳು ನಾನು. ಅದೂ ಅವಳ ಕಕ್ಕಸಿನ ದೆಸೆಯಿಂದ. ನಗುವವರು ನಗಲಿ.

ಎಂಬತ್ತರ ದಶಕದ ಮೊದಲ ವರ್ಷಗಳು. ಗಲ್ಫಿನ ಮನಾಮ ಪಟ್ಟಣದ ಹಳೇ ಗಲ್ಲಿಯಲ್ಲಿ ನಮ್ಮ ಬಾಡಿಗೆ ಮನೆ. ಗೋಡೆಯಾಚೆ ಒಬ್ಬಳೇ ಇದ್ದ ಯಹೂದಿ ಮುದುಕಿ. ಚಿಕ್ಕಂದಿನಲ್ಲಿ ಬೊಂಬಾಯಿಯಲ್ಲಿದ್ದವಳಾದ್ದರಿಂದ ಹಿಂದಿ ಬರುತ್ತಿತ್ತು. ಬೇಸಿಗೆಯಲ್ಲಿ ನಲ್ಲಿಯಿಂದ ಉಪ್ಪುನೀರೂ ನೆಟ್ಟಗೆ ಬರುತ್ತಿರಲಿಲ್ಲ. ಕಕ್ಕಸಿನಲ್ಲಿ ಒಮ್ಮೆ ಚೈನು ಎಳೆದರೆ ಒಂದು ಬಾಲ್ದಿ ಹೋಯಿತು. ಸಲ್ಮಾಬಾದಿನಲ್ಲಿ ಬಡಗಿ ಕೆಲಸಕ್ಕಿದ್ದ ನನ್ನ ಗಂಡನ ಹತ್ತಿರ ಅವಳು ನೀರು ಬೇಡದ ಕಕ್ಕಸು ಮಾಡಿಸಿಕೊಂಡಳು. ಹಿತ್ತಲಲ್ಲಿ ಹಲಗೆಯ ಪೆಟ್ಟಿಗೆ, ಒಳಗೆ ಡ್ರಮ್ಮು, ಪಕ್ಕದಲ್ಲಿ ಮರದ ಹುಡಿಯ ಚೀಲ. ಎದ್ದವರು ಮೇಲೆ ಒಂದು ಬೊಗಸೆ ಹುಡಿ ಸುರಿದರೆ ಮುಗಿಯಿತು. ತುಂಬಿದ್ದನ್ನು ಮೂಲೆಯ ಗುಂಡಿಗೆ ಹಾಕಿ ತಿಂಗಳುಗಟ್ಟಲೆ ಕೊಳೆಸಿದರೆ ಅವಳ ನಿಂಬೆಗಿಡಕ್ಕೆ ಗೊಬ್ಬರ.

ಮಾಡಿಕೊಟ್ಟು ಇವರು ಸುಮ್ಮನಾಗಿದ್ದರೆ ನನಗೇನು? ಶುಕ್ರವಾರ, ಇದ್ದ ಒಂದೇ ರಜೆಯ ದಿನ, ಹುಡಿಯ ಚೀಲ ಹೊತ್ತು ಅಲ್ಲಿಗೇ ಹೋಗತೊಡಗಿದರು. ಸೂರ್ಯ ಮುಳುಗಿದರೆ ಅವಳಿಗೆ ಸಬ್ಬತ್ತು, ಕೆಲಸ ಮುಟ್ಟಬಾರದ ದೇವರ ದಿನ, ಮಣ್ಣು ಅಗೆಯುವಂತಿಲ್ಲ. ಗೊಬ್ಬರ ಮಗುಚುವುದು ಅದಕ್ಕೆ ಮೊದಲೇ ಮುಗಿಯಬೇಕು. ನಮ್ಮ ಇಗರ್ಜಿಯ ಬಲಿಪೂಜೆಯೂ ಅದೇ ಸಂಜೆ. ಅವಳ ಹೊತ್ತು ಎಂದೂ ತಪ್ಪಿಸದ ಮನುಷ್ಯ ಪೂಜೆಗೆ ಮಾತ್ರ ತಡ. ನಾನು ಒಬ್ಬಳೇ ಹೋಗಿ ಪಕ್ಕದ ಜಾಗ ಕಾಯುತ್ತಾ ಕೂರುತ್ತಿದ್ದೆ.

ಊಟಕ್ಕೆ ಕೂತು “ಉಪ್ಪು ಕಮ್ಮಿ” ಎಂಬುದಕ್ಕಿಂತ ಹೆಚ್ಚು ಆಡದವರು, ಅಲ್ಲಿಂದ ಬಂದರೆ ಬಾಯಿ ತುಂಬ ಮಾತು.

“ಯುದ್ಧಕ್ಕೆ ಹೋಗುವವರೂ ಒಂದು ಗೂಟ ಇಟ್ಟುಕೊಳ್ಳಬೇಕಂತೆ ಮಾರಾಯ್ತಿ. ಹೊರಗೆ ಹೋಗಿ ಗುಂಡಿ ತೋಡಿ ಕೂತು, ಮಣ್ಣು ಮುಚ್ಚಿ ಬರಬೇಕಂತೆ. ಅವರ ಶಾಸ್ತ್ರದಲ್ಲಿ ಉಂಟಂತೆ.”

“ನಮ್ಮದರಲ್ಲೂ ಉಂಟು. ಪೂಜೆಗೆ ಬಂದರಲ್ವಾ ನಿಮಗೆ ಗೊತ್ತಾಗುವುದು?”

ಒಂದು ಶುಕ್ರವಾರ ಸೀರೆ ಉಟ್ಟು ತಯಾರಾಗಿ ನಾನೇ ಕರೆಯಲು ಹೋದೆ. ಮುದುಕಿ ಆಗತಾನೇ ಕಕ್ಕಸಿನಿಂದ ಬಂದಿದ್ದಳು. ಒಂದು ಚೊಂಬಿನ ನೀರನ್ನೇ ಎರಡೂ ಕೈಗೆ ಸುರಿದುಕೊಂಡು, ಕಣ್ಣು ಮುಚ್ಚಿ ಏನೋ ಪಿಸುಗುಟ್ಟಿದಳು. ದೇಹದ ದಾರಿಗಳು ತೆರೆಯಬೇಕಾದಾಗ ತೆರೆದು, ಮುಚ್ಚಬೇಕಾದಾಗ ಮುಚ್ಚಿದ್ದಕ್ಕೆ ದೇವರಿಗೆ ಸ್ತುತಿ ಹೇಳುತ್ತಾಳೆಂದು ಇವರು ಹಿಂದೆಯೇ ತಿಳಿಸಿದ್ದರು. ಗೊಬ್ಬರದ ಗುಂಡಿಯ ಪಕ್ಕ ಸಲಿಕೆ ಊರಿಕೊಂಡು ನನ್ನ ಗಂಡ ತಲೆ ಬಗ್ಗಿಸಿ ನಿಂತಿದ್ದರು. ಅವಳ ಪ್ರಾರ್ಥನೆ ಮುಗಿದದ್ದೇ, “ಆಮೆನ್” ಎಂದರು. ಗಟ್ಟಿಯಾಗಿ, ಮನಸಾರೆ. ಆ ದನಿಯನ್ನು ನಾನು ಮೊದಲ ಸಲ ಕೇಳುತ್ತಿದ್ದೆ. ನನ್ನ ಮೈಯೆಲ್ಲ ಉರಿಯಿತು.

“ಬಾ ಮಗಳೇ,” ಎಂದಳು ಮುದುಕಿ ಹಿಂದಿಯಲ್ಲಿ. “ನಿನ್ನ ಗಂಡ ಎಷ್ಟು ಚೆಂದ ಹೇಳುತ್ತಾನೆ ನೋಡು.”

“ಹೊತ್ತಾಯಿತು, ಬನ್ನಿ,” ಎಂದೆ, ಇವರಿಗೆ ಮಾತ್ರ.

ಅವತ್ತು ಹೊತ್ತಿಗೆ ಸರಿಯಾಗಿ ಬಂದು ನನ್ನ ಪಕ್ಕದಲ್ಲೇ ಕೂತರು. ಅವರ ಉಗುರಲ್ಲಿ ಇನ್ನೂ ಮಣ್ಣಿತ್ತು. ಪಾದ್ರಿಗಳ ಪ್ರಾರ್ಥನೆ ಮುಗಿದಾಗ ಇಡೀ ಇಗರ್ಜಿ ಆಮೆನ್ ಎಂದಿತು. ನಾನು ಅವರ ಬಾಯಿಯನ್ನೇ ನೋಡುತ್ತಿದ್ದೆ. ಅದು ತೆರೆಯಲಿಲ್ಲ.