ದೊಡ್ಡಮ್ಮ ಕಂಡ ರಾಜಹಂಸ

ದೊಡ್ಡಮ್ಮನ ಕುತ್ತಿಗೆಯ ಹಿಂದೆ ಬೆರಳಗಲದ ಒಂದು ಕಪ್ಪು ಗೆರೆ ಇತ್ತು. ಸರದ ಗುರುತಲ್ಲ, ದುರ್ಬೀನಿನ ಪಟ್ಟಿ ಉಜ್ಜಿ ಉಜ್ಜಿ ಆದದ್ದು. ಹತ್ತಿಯ ಸೀರೆ, ಕಾಲಿಗೆ ರಬ್ಬರ್ ಚಪ್ಪಲಿ, ಎದೆಯ ಮೇಲೆ ಆ ಭಾರದ ದುರ್ಬೀನು. ಕುಂದಾಪುರದ ಮೀನು ಮಾರ್ಕೆಟ್ಟಿಗೂ ಅವಳು ಹಾಗೆಯೇ ಹೋಗುತ್ತಿದ್ದಳು. "ಹ್ವಾಯ್ ಅಮ್ಮ, ಬಂಗ್ಡೆ ತಾಜಾ ಇತ್ತಾ ಇಲ್ಯಾ, ಅದ್ರಗೇ ಕಂಡ್ಕಣಿ" ಎಂದು ಮೀನಿನ ಹೆಂಗಸರು ನಗುತ್ತಿದ್ದರು. ಅವಳು ನಿಜವಾಗಿಯೂ ದುರ್ಬೀನು ಎತ್ತಿ ಬಂಗಡೆಯ ಕಣ್ಣು ನೋಡಿ, ಕ್ರಯ ಇಳಿಸುತ್ತಿದ್ದಳು.

ಅವಳು ನನ್ನ ಅಮ್ಮನ ಅಕ್ಕ. ಹುಟ್ಟಿದ್ದು ನಾವುಂದದಲ್ಲಿ, ಮದುವೆಯಾಗಿ ಹೋದದ್ದು ಬೊಂಬಾಯಿಗೆ. ದೊಡ್ಡಪ್ಪ ಅಲ್ಲಿ ಒಂದು ಕ್ಯಾಂಟೀನಿನ ಮ್ಯಾನೇಜರು. ಭಾನುವಾರ ಬೇರೆಯವರು ಸಿನಿಮಾಕ್ಕೆ ಹೋದರೆ ಇವರಿಬ್ಬರೂ ಪಾರ್ಕಿಗೆ ಹೋಗಿ ಕೂರುತ್ತಿದ್ದರಂತೆ. ಬಾಡಿಗೆ ಖೋಲಿಯಲ್ಲಿ ಗಂಡ ಹೆಂಡತಿ ನೆಮ್ಮದಿಯಿಂದ ನಾಲ್ಕು ಮಾತಾಡಲು ಜಾಗವಿರಲಿಲ್ಲ, ಅದೇ ಕಾರಣ. ಕೂತಲ್ಲಿ ಮರ ಕಂಡಿತು, ಮರದಲ್ಲಿ ಹಕ್ಕಿ ಕಂಡಿತು, ಹಕ್ಕಿಯ ಹಿಂದೆ ಹೋಗಿ ಖಾಡಿ ಕಂಡಿತು. ಕಡಲು ಊರೊಳಗೆ ನುಗ್ಗಿ ಕೆಸರು ಮಾಡಿದ ಜಾಗಕ್ಕೆ ಅಲ್ಲಿಯವರು ಖಾಡಿ ಎನ್ನುತ್ತಾರೆ. ದೀಪಾವಳಿ ಕಳೆದು ಬೆಳಗಿನ ಗಾಳಿ ತಣ್ಣಗಾದ ಮೇಲೆ, ಕಾರ್ಖಾನೆಗಳ ಬೆನ್ನಿಗಿದ್ದ ಆ ಖಾಡಿಗೆ ರಾಜಹಂಸಗಳು, ಇಂಗ್ಲಿಷಿನವರ ಫ್ಲೆಮಿಂಗೊಗಳು, ಬಂದು ಇಳಿಯುತ್ತಿದ್ದವು.

"ಅಷ್ಟ್ ಗಲೀಜ್ ಊರಂಗೆ ಏಕ್‌ದಮ್ ಗುಲಾಬಿ ಬಣ್ಣ ಮರಾಯ್ತಿ! ನೀರೇ ಕಾಣ್ತಿರ್ಲಿಲ್ಲ" ಎನ್ನುವಾಗ ದೊಡ್ಡಮ್ಮನ ದನಿ ಏರುತ್ತಿತ್ತು.

ದೊಡ್ಡಪ್ಪ ತೀರಿಕೊಂಡರು. ಮಕ್ಕಳಿಲ್ಲದ ದೊಡ್ಡಮ್ಮ ಕುಂದಾಪುರಕ್ಕೆ, ನಮ್ಮ ಮನೆಗೆ ಬಂದಳು. ಮನೆಯಿಂದ ಪಂಚಗಂಗಾವಳಿ ಹೊಳೆ ಕೂಗಳತೆಯ ದೂರ. ಬೆಳಗಿನ ಚಾ ಕುಡಿದು ದಂಡೆಗೆ ಹೋದರೆ ನಾವು ದೋಸೆ ತಿನ್ನುವ ಹೊತ್ತಿಗೆ ವರದಿಯೊಂದಿಗೆ ವಾಪಸು. ಕಡಲಕ್ಕಿಗಳು ಬಂದವು, ಬಾಲ ಆಡಿಸುವ ಪುಟ್ಟ ಹಕ್ಕಿ ಬಂತು, ಮೀನು ಹಿಡಿಯುವ ಗಿಡುಗ ನಿನ್ನೆಯ ಕಂಬದ ಮೇಲೆಯೇ ಕೂತಿದೆ. ಬೇಸಗೆಗೆ ಅವು ಹಿಂದಿರುಗಿದಾಗ ಹೋದವು ಎನ್ನಲು ಬಿಡುತ್ತಿರಲಿಲ್ಲ. "ಹೋಯ್ತ್ ಅಂಬುಕಾಗ. ಹೋಯ್ ಬತ್ತೊ ಅನ್ಕ್" ಎಂದು ತಿದ್ದುತ್ತಿದ್ದಳು. ನನಗೆ ಹಕ್ಕಿಗಳಲ್ಲಿ ಆಸಕ್ತಿಯಿಲ್ಲ, ಆಗಲೂ ಇರಲಿಲ್ಲ. ದೋಸೆಯ ಜೊತೆಗೆ ಚಟ್ನಿಯ ಹಾಗೆ ಈ ಸುದ್ದಿಯೂ ಒಳಗೆ ಹೋಗುತ್ತಿತ್ತು.

ತೊಂದರೆ ಇದ್ದದ್ದು ಅವಳ ಮಾತಿನಲ್ಲಿ. ಯಾವುದೇ ವಿಷಯ ಬರಲಿ, "ಬೊಂಬಾಯಂಗೆ ಆರೆ", ಅಂದರೆ ಬೊಂಬಾಯಿಯಲ್ಲಾದರೆ, ಎಂದೇ ಶುರು. ನಮ್ಮ ಕಡೆ ಮನೆಗೊಬ್ಬರಂತೆ ಬೊಂಬಾಯಿ ಕಂಡು ಬಂದವರು ಇರುವುದರಿಂದ ಆ ಊರಿನ ಬಡಾಯಿ ಕೇಳಿ ಎಲ್ಲರ ಕಿವಿ ತೂತಾಗಿತ್ತು. ಹಾಗಾಗಿ ರಾಜಹಂಸ ಇಲ್ಲಿಗೂ ಬಂದೇ ಬರುತ್ತದೆ ಎಂದು ಅವಳು ಹೇಳಿದಾಗ ಅಮ್ಮ ತಲೆ ಎತ್ತದೆ ಕಾಯಿ ಹೆರೆಯುತ್ತಲೇ ಹೇಳಿದಳು: "ಅಕ್ಕ, ಇದ್ ನಿನ್ನ ಬೊಂಬಾಯಿ ಅಲ್ಲ. ಇಲ್ಲಿಗ್ ಬಪ್ಪುದ್ ಬೆಳ್ಳಕ್ಕಿ ಮಾತ್ರ."

ದೊಡ್ಡಮ್ಮನಿಗೆ ಅದು ನಾಟಿತು. ಅಂದಿನಿಂದ ಉಳಿದ ಹಕ್ಕಿಗಳೆಲ್ಲ ಲೆಕ್ಕಕ್ಕಿಲ್ಲ. ಒಂದೇ ಒಂದು ರಾಜಹಂಸವನ್ನು ತಂಗಿಗೆ ತೋರಿಸಿ, ತಾನು ಬಾಯಿಬಡುಕಿಯಲ್ಲ ಎನ್ನಿಸಿಕೊಳ್ಳಬೇಕಿತ್ತು ಅವಳಿಗೆ.

ಮರುವರ್ಷ ಅದು ಬಂತು. ಬಂತು ಎಂದು ದೊಡ್ಡಮ್ಮ ಹೇಳಿದಳು ಎನ್ನಬೇಕು. ಹೊಳೆಯ ನೀರು ಇಳಿದಿದ್ದ ಒಂದು ಬೆಳಿಗ್ಗೆ ದಂಡೆಯಿಂದಲೇ ಅಮ್ಮನಿಗೆ ಫೋನು ಮಾಡಿದಳು. "ರಾಜಹಂಸ ಬಂದಿತ್ತ್! ಬೇಗ ಬಾ!" ಅಷ್ಟೇ ಹೇಳಿ ಇಟ್ಟಳು. ಮೈಸೂರಿನಲ್ಲಿ ಓದುತ್ತಿದ್ದ ನನ್ನ ಅಣ್ಣ ಆ ವಾರವೇ ರಾಜಹಂಸ ಬಸ್ಸಿಗೆ ಬರುತ್ತೇನೆ ಎಂದಿದ್ದ. ಅಮ್ಮ ಒಲೆಯ ಮೇಲಿನ ಪಾತ್ರೆಗೆ ಇನ್ನೊಂದು ಹಿಡಿ ಅಕ್ಕಿ ಹಾಕಿ, ಅಪ್ಪನನ್ನು ಸ್ಕೂಟರಿನಲ್ಲಿ ಬಸ್ ಸ್ಟ್ಯಾಂಡಿಗೆ ಅಟ್ಟಿದಳು. ಅಪ್ಪ ಅಲ್ಲಿ ಬಂದ ಬಸ್ಸಿಗೆಲ್ಲ ಇಣುಕಿ ನೋಡಿದರು. ಇತ್ತ ದೊಡ್ಡಮ್ಮ ಮತ್ತೆ ಮತ್ತೆ ಫೋನು ಮಾಡಿದರೆ, ಅಣ್ಣನಿಗೆ ನೀರು ಕಾಯಿಸಲು ಬಚ್ಚಲು ಕೊಟ್ಟಿಗೆಗೆ ಹೋಗಿದ್ದ ಅಮ್ಮನಿಗೆ ಅದು ಕೇಳಲಿಲ್ಲ. ಹೊಳೆಗೆ ನೀರೇರಿತು. ಹಕ್ಕಿ ಎದ್ದು ಹೋಯಿತು.

ಮೊಣಕಾಲವರೆಗೆ ಕೆಸರು ಮಾಡಿಕೊಂಡು ದೊಡ್ಡಮ್ಮ ಅಂಗಳಕ್ಕೆ ಬಂದಾಗಲೇ ಬರಿಗೈಯಲ್ಲಿ ಅಪ್ಪನೂ ಬಂದರು.

"ಮಾಣಿ ಎಲ್ಲಿ?" ಎಂದಳು ಅಮ್ಮ.

"ಯಾವ ಮಾಣಿ? ನಾ ಹಕ್ಕಿ ಬಂತ್ ಅಂದದ್ದ್!"

ಈ ಕತೆ ಎರಡು ದಿನದಲ್ಲಿ ಕೇರಿಯೆಲ್ಲ ಸುತ್ತಿತು. ಅಲ್ಲಿಂದ ಮುಂದೆ ಪ್ರತಿ ನವೆಂಬರಿನಲ್ಲಿ ಅಂಗಡಿಯವರು, ರಿಕ್ಷಾದವರು ಅವಳನ್ನು ನಿಲ್ಲಿಸಿ, "ಅಮ್ಮ, ಈ ಸಲ ರಾಜಹಂಸ ಎಷ್ಟ್ ಗಂಟಿಗೆ? ಸೀಟ್ ಇತ್ತಾ?" ಎಂದು ಕೇಳುವುದು ವಾಡಿಕೆಯಾಯಿತು. ಅವರ ಜೊತೆ ಅವಳೂ ನಗುತ್ತಿದ್ದಳು. ಅಮ್ಮ ಕೇಳಿದಾಗ ಮಾತ್ರ ನಗುತ್ತಿರಲಿಲ್ಲ. ಹಕ್ಕಿ ಮತ್ತೆ ಕಾಣಿಸಿಕೊಳ್ಳಲೂ ಇಲ್ಲ.

ಹೋದ ವರ್ಷ ದೊಡ್ಡಮ್ಮನ ಹೃದಯ ಸೋತಿತು. ಮಳೆಗಾಲ ಮುಗಿಯುವಾಗ ಹಾಸಿಗೆ ಹಿಡಿದವಳು ಏಳಲಿಲ್ಲ. ದೀಪಾವಳಿಯ ಮರುದಿನ, ಯಾರೂ ಹೇಳದೆ, ಅಮ್ಮ ಗೋಡೆಯ ಮೊಳೆಯಿಂದ ದುರ್ಬೀನು ತೆಗೆದುಕೊಂಡು ಹೊಳೆಗೆ ಹೊರಟಳು. ದಿನಾ ಹೋಗಿ ಬಂದು ಹಾಸಿಗೆಯ ಬಳಿ "ಇವತ್ತಿಲ್ಲ ಅಕ್ಕ" ಎನ್ನುತ್ತಿದ್ದಳು. ದೊಡ್ಡಮ್ಮ "ಬತ್ತ್, ಬತ್ತ್" ಎಂದು ತಂಗಿಗೇ ಸಮಾಧಾನ ಹೇಳುತ್ತಿದ್ದಳು.

ಡಾಕ್ಟರು ಇನ್ನು ಹೆಚ್ಚು ದಿನವಿಲ್ಲ ಎಂದ ಮಾರನೆಯ ಬೆಳಿಗ್ಗೆ ಅಮ್ಮ ಏದುಸಿರು ಬಿಡುತ್ತಾ ಬಂದಳು.

"ಅಕ್ಕ, ಬಂದಿತ್ತ್! ನಾ ಕಂಡೆ!"

ದೊಡ್ಡಮ್ಮ ಕಣ್ಣು ಬಿಟ್ಟಳು. "ಕೊಕ್ಕ್ ಹ್ಯಾಂಗಿತ್ತ್?"

"ಹ್ಯಾಂಗಿಪ್ಪುದ್? ಸೀದಾ, ಉದ್ದ. ಹಳ್ದಿ ಬಣ್ಣ."

ರಾಜಹಂಸದ ಕೊಕ್ಕು ನಡುವೆ ಮುರಿದಂತೆ ಕೆಳಕ್ಕೆ ಬಾಗಿರುತ್ತದೆ, ತುದಿ ಕಪ್ಪು. ಇಷ್ಟು ವರ್ಷದ ದೋಸೆಯ ಹೊತ್ತಿನಲ್ಲಿ ನನ್ನ ಕಿವಿಗೂ ಬಿದ್ದಿದ್ದ ಸಂಗತಿ ಅದು. ಅಮ್ಮ ಒಂದು ದಿನವೂ ಕಿವಿಗೊಟ್ಟಿರಲಿಲ್ಲ. ಯಾವುದೋ ಬೆಳ್ಳಕ್ಕಿಯ ಕೊಕ್ಕು ನೆನೆದು ಹೇಳಿಬಿಟ್ಟಿದ್ದಳು.

ದೊಡ್ಡಮ್ಮ ಕೈ ಚಾಚಿ ಅಮ್ಮನ ಕೈ ಹಿಡಿದಳು. "ಹೌದ್ ಹೆಣೆ, ಅದೇ. ಇಲ್ಲಿಗೂ ಬತ್ತ್ ಅಂದ್ ನಾ ಹೇಳ್ಲಿಲ್ಯಾ?"

"ಹೇಳಿದ್ದೆ ಅಕ್ಕ. ನಂದೇ ತಪ್ಪಾಯ್ತ್" ಎಂದ ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಅಡುಗೆಮನೆಗೆ ಹೋದಳು.

ನಾನು ಬಗ್ಗಿ ಮೆಲ್ಲಗೆ ಕೇಳಿದೆ. "ದೊಡ್ಡಮ್ಮ, ಅಮ್ಮ ಹೇಳಿದ್ದ್ ಸುಳ್ಳಲ್ದಾ?"

"ಸುಳ್ಳೇ."

"ಮತ್ತೆ?"

"ಹೇಳಿದ್ದನ್ನ ಯಾರೂ ನಂಬ್ದಿದ್ರೆ ಹ್ಯಾಂಗ್ ಆತ್ತ್ ಅಂದ್ ನಂಗ್ ಗೊತ್ತಿತ್ತ್. ಅವ್ಳಿಗ್ ಅದ್ ಬ್ಯಾಡ."

ಅದೇ ವಾರ ದೊಡ್ಡಮ್ಮ ತೀರಿಕೊಂಡಳು. ಉತ್ತರಕ್ರಿಯೆಗೆ ಬಂದ ಬೈಂದೂರಿನ ನೆಂಟರೊಬ್ಬರು ಬಸ್ಸಿನ ಕತೆ ತೆಗೆದು ನಗಲು ಹೊರಟಾಗ ಅಮ್ಮ ಬಡಿಸುವ ಸೌಟು ಹಿಡಿದುಕೊಂಡೇ ಅವರ ಎದುರು ನಿಂತಳು. ಅಕ್ಕ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ, ತಾನೂ ಕಣ್ಣಾರೆ ಕಂಡಿದ್ದೇನೆ ಎಂದಳು. ಅವರು ಅನುಮಾನದಿಂದ ನನ್ನ ಮುಖ ನೋಡಿದರು.

ಹೌದು, ಆ ದಿನ ಅಮ್ಮನ ಜೊತೆ ನಾನೂ ಇದ್ದೆ ಎಂದೆ.