ಉದ್ದ ಕೋಲಿನ ಕುಡುಗೋಲು

ಸರ್ಜಾಪುರದ ಹತ್ತಿರದ ಒಂದು ವಿಲ್ಲಾ ಲೇಔಟಿನಲ್ಲಿ ಒಂಬತ್ತು ವರ್ಷ ಕುಕ್ಕರಗಾಲಲ್ಲಿ ಕೂತು ಹುಲ್ಲು ಕೊಯ್ದವಳು ನಾನು. ಅದಕ್ಕೂ ಮೊದಲು ಹುಲ್ಲು ಕತ್ತರಿಸುವ ಯಂತ್ರವೊಂದಿತ್ತು. ಮನೆಯಿಂದಲೇ ಆಫೀಸು ಕೆಲಸ ಮಾಡುವವರು ಅದರ ಸದ್ದು ತಡೆಯಲಾರದೆ ನಿಲ್ಲಿಸಿಬಿಟ್ಟರು. ಆಮೇಲೆ ಹುಲ್ಲು ಎಂದರೆ ಸೂಪರ್‌ವೈಸರ್ ನನ್ನನ್ನೇ ಕರೆಯುತ್ತಿದ್ದರು.

ಒಂದು ದಿನ ಅಲ್ಲಿನ ಹಿರಿಯರೊಬ್ಬರು ಹೊರದೇಶದಿಂದ ತರಿಸಿದ ಕುಡುಗೋಲನ್ನು ಸೂಪರ್‌ವೈಸರ್ ಕೈಗೆ ಕೊಟ್ಟರು. ಆಳೆತ್ತರದ ಮರದ ಕೋಲು, ಅದಕ್ಕೆ ಎರಡು ಚಿಕ್ಕ ಹಿಡಿ, ತುದಿಯಲ್ಲಿ ತೋಳುದ್ದದ ಬಾಗಿದ ಅಲಗು, ಅಲಗನ್ನು ಬಿಗಿಯಲು ಕಬ್ಬಿಣದ ಬಳೆ. ನಿಂತೇ ಬೀಸಬೇಕು. ಸೂಪರ್‌ವೈಸರ್ ಅದನ್ನು ಎರಡು ತಿಂಗಳ ಹಿಂದಷ್ಟೇ ಕೊಪ್ಪಳದ ಕಡೆಯಿಂದ ಬಂದು ಸೇರಿದ್ದ ಹೆಂಗಸಿಗೆ ಕೊಟ್ಟರು.

"ನಿಂಗೆ ಮಂಡಿನೋವು, ಗಿಡ ನೋಡ್ಕೊಳಕ್ಕ" ಎಂದರು ನನಗೆ. ಮಂಡಿನೋವಿನವಳಿಗಲ್ಲವೇ ನಿಂತು ಕೊಯ್ಯುವ ಸಾಮಾನು ಬೇಕಿದ್ದುದು! ಪೈಪು ಎಳೆದುಕೊಂಡು ಗಿಡಗಳ ಕಡೆ ನಡೆದೆ.

ವಾರದಲ್ಲಿ ಅವಳ ಕೈ ಪಳಗಿತು. ಬೀಸಿದರೆ ಹುಲ್ಲು ಸಾಲಾಗಿ ಎಡಕ್ಕೆ ಮಲಗುತ್ತಿತ್ತು. ಜನ ಬಾಲ್ಕನಿಯಿಂದ ಫೋನಿನಲ್ಲಿ ವಿಡಿಯೋ ಹಿಡಿದರು. "ಕಸ ಗುಡಿಸ್ದಂಗೆ, ಅದೇನ್ ದೊಡ್ಡ ಕೆಲ್ಸ" ಎಂದು ಸಿಕ್ಕವರಿಗೆಲ್ಲ ಹೇಳಿದೆ. ನನ್ನ ಒಂಬತ್ತು ವರ್ಷವನ್ನು ಯಾರೂ ನೋಡಿರಲಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಅವಳು ಊಟಕ್ಕೆ ಹೋದಾಗ ಅದನ್ನೆತ್ತಿಕೊಂಡು ಕ್ಲಬ್‌ಹೌಸಿನ ಹಿಂದೆ ಹೋದೆ. ಬೀಸಿದೆ, ಮೊನೆ ಮಣ್ಣಿಗೆ ನಾಟಿತು. ರೋಷದಿಂದ ಇನ್ನೂ ಜೋರಾಗಿ ಬೀಸಿದೆ, ಕಲ್ಲಿಗೆ ಬಡಿದು ಮೊನೆ ಸೊಟ್ಟಗಾಯಿತು. ಸೆರಗಿನಿಂದ ಒರೆಸಿ ಮೊದಲಿದ್ದಲ್ಲೇ ಇಟ್ಟೆ.

ಊಟವಾದ ಮೇಲೆ ಸೂಪರ್‌ವೈಸರ್ ಅವಳ ಮೇಲೆ ಹಾರಿಬಿದ್ದರು. "ಏನಮ್ಮ, ಹೊಸಾದ್ನ ಹಾಳ್ಮಾಡ್ಬಿಟ್ಯಲ್ಲ!"

ಅವಳು ಏನೂ ತಿಳಿಯದೆ ಅಲಗನ್ನೇ ನೋಡುತ್ತ ನಿಂತಳು. ಒಂದು ಗಳಿಗೆ ನನಗೆ ಹಿತವೆನಿಸಿದ್ದು ನಿಜ. ಆದರೆ ಅವಳ ಕಣ್ಣು ತುಂಬಿದ್ದು ಕಂಡು ತಡೆಯಲಾಗಲಿಲ್ಲ.

"ಅವ್ಳಲ್ಲ ಸಾರ್, ನಾನೇ" ಎಂದೆ. ಚೆನ್ನಾಗಿಯೇ ಬೈಸಿಕೊಂಡೆ.

ಸಂಜೆ ಅವಳೇ ಹತ್ತಿರ ಬಂದಳು. "ಮಣ್ಣಿಗಿ ಹೊಡೀತೇನ್ರಿ ಅಕ್ಕಾ? ಹಿಡಿ ನನ್ನ ಎತ್ತರಕ್ಕ ಬಿಗದೀನ್ರಿ. ನೀವು ಗಿಡ್ಡ ಅದೀರಿ, ನಿಮಗ ಹೊಂದಂಗಿಲ್ಲ."

ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಮೊನೆ ನೆಟ್ಟಗೆ ಮಾಡಿದಳು. ಸ್ಕ್ರೂ ಸಡಿಲಿಸಿ ಎರಡೂ ಹಿಡಿಗಳನ್ನು ಕೆಳಗಿಳಿಸಿ ನನ್ನ ಕೈಗೆ ಕೊಟ್ಟಳು. ಮೆಲ್ಲಗೆ ಬೀಸಿದೆ. ಗೇಣಗಲ ಹುಲ್ಲು ಬಿತ್ತು.

"ಬಂತ್ ನೋಡ್ರಿ!" ಎಂದು ನನಗಿಂತ ಅವಳೇ ಹಿಗ್ಗಿದಳು.

ಈಗ ದಿನ ಬಿಟ್ಟು ದಿನ ನಾನೂ ಬೀಸುತ್ತೇನೆ. ಅವಳಷ್ಟು ನೇರವಾದ ಸಾಲು ನನಗಿನ್ನೂ ಬಂದಿಲ್ಲ, ಅದನ್ನು ಅವಳ ಮುಂದೆ ಒಪ್ಪಿಕೊಂಡೂ ಇಲ್ಲ.